ಚಿತ್ರ, ನಕ್ಷೆ ಮತ್ತು ಓದಿನ ಗ್ರಹಿಕೆ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಸರ್ಕಾರದ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಕೈಗೆ ಬರುವ ದಾಖಲೆಗಳಲ್ಲಿ ಬರಹ ಮಾತ್ರವಲ್ಲದೆ ನಕ್ಷೆ, ಕೋಷ್ಟಕ, ಗುರುತು ಹಾಗೂ ಚಿತ್ರಗಳೂ ಇರುತ್ತವೆ. ಜಮೀನಿನ ನಕ್ಷೆ, ಕೀಟನಾಶಕ ಡಬ್ಬಿಯ ಮೇಲಿನ ಬಣ್ಣದ ಗುರುತು, ಮತಯಂತ್ರದ ಮೇಲಿನ ಚಿಹ್ನೆ, ಕಾರ್ಖಾನೆಯ ಅಪಾಯ ಫಲಕ ಇವುಗಳಿಗೆ ಉದಾಹರಣೆಗಳು. ಚಿತ್ರವಿದ್ದರೆ ವಿಷಯವು ತಾನಾಗಿಯೇ ಅರ್ಥವಾಗುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಚಿತ್ರವು ಕೆಲವು ಸಂದರ್ಭಗಳಲ್ಲಿ ಗ್ರಹಿಕೆಗೆ ನೆರವಾಗುತ್ತದೆ, ಕೆಲವು ಸಂದರ್ಭಗಳಲ್ಲಿ ತೊಡಕಾಗುತ್ತದೆ. ಈ ವ್ಯತ್ಯಾಸವನ್ನು ಅರಿಯದೆ ಸಹಿ ಅಥವಾ ಹೆಬ್ಬೆಟ್ಟು ಗುರುತು ಹಾಕಿದಲ್ಲಿ ಅರ್ಜಿದಾರರಿಗೆ ಹಾನಿಯಾಗುವ ಸಂಭವವಿರುತ್ತದೆ.

2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತಾ ಪ್ರಮಾಣ ಸುಮಾರು ಶೇಕಡ 75 ಇದ್ದು, ಕಲಬುರಗಿ ಜಿಲ್ಲೆಯಲ್ಲಿ ಅದು ಸುಮಾರು ಶೇಕಡ 65 ಆಗಿತ್ತು. ಚಿಂಚೋಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸುಲೇಪೇಟ ಹಾಗೂ ಸುತ್ತಲಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗಗಳಲ್ಲಿ ಕನ್ನಡದೊಂದಿಗೆ ಉರ್ದು, ತೆಲುಗು ಮತ್ತು ಲಂಬಾಣಿ ಮಾತೃಭಾಷೆಯ ಕುಟುಂಬಗಳು ವಾಸವಾಗಿವೆ. ಈ ಪ್ರದೇಶವು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಡಳಿತ ಕಾಲದಲ್ಲಿ ಕಚೇರಿಯ ಭಾಷೆ ಉರ್ದು ಆಗಿದ್ದುದರಿಂದ ಹಳೆಯ ದಾಖಲೆಗಳ ಬರಹವನ್ನು ಓದಲಾಗದವರು ಇಂದಿಗೂ ಅನೇಕರಿದ್ದಾರೆ. ಇಂತಹ ಕಡೆ ನಕ್ಷೆ ಮತ್ತು ಚಿಹ್ನೆಗಳನ್ನು ಸರಿಯಾಗಿ ಓದುವುದು ಅತ್ಯಗತ್ಯ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

2. ಚಿತ್ರಗಳ ವಿಧಗಳು

ದಾಖಲೆಗಳಲ್ಲಿ ಕಂಡುಬರುವ ಚಿತ್ರಗಳನ್ನು ಅವು ಮಾಡುವ ಕೆಲಸದ ಆಧಾರದ ಮೇಲೆ ನಾಲ್ಕು ವಿಧಗಳಾಗಿ ವಿಂಗಡಿಸಬಹುದು.

(ಅ) ಅಲಂಕಾರ ಚಿತ್ರ: ಪುಟದ ಅಂದಕ್ಕಾಗಿ ಮಾತ್ರ ಹಾಕಿರುವುದು. ಯೋಜನೆಯ ಕರಪತ್ರದ ಮೇಲಿನ ನಗುಮುಖದ ರೈತನ ಚಿತ್ರ ಈ ವಿಧದ್ದು. ಇದರಿಂದ ಯೋಜನೆಯ ಅರ್ಹತೆ, ಷರತ್ತುಗಳು ತಿಳಿಯುವುದಿಲ್ಲ.

(ಆ) ನಿರೂಪಣಾ ಚಿತ್ರ: ಬರಹದಲ್ಲಿ ಹೇಳಿದ ವಸ್ತು ಅಥವಾ ಕ್ರಿಯೆಯನ್ನು ತೋರಿಸುವುದು. ಕೈಗವಸು ಧರಿಸಿ ಸಿಂಪರಣೆ ಮಾಡುವ ವ್ಯಕ್ತಿಯ ಚಿತ್ರ ಇದಕ್ಕೆ ಉದಾಹರಣೆ.

(ಇ) ರೇಖಾಚಿತ್ರ ಮತ್ತು ನಕ್ಷೆ: ವಸ್ತುಗಳ ಪರಸ್ಪರ ಸ್ಥಾನ, ಅಳತೆ ಮತ್ತು ಸಂಬಂಧಗಳನ್ನು ತೋರಿಸುವುದು. ಜಮೀನಿನ ನಕ್ಷೆ ಈ ವಿಧಕ್ಕೆ ಸೇರುತ್ತದೆ.

(ಈ) ಸಂಕೇತ: ಒಪ್ಪಂದದಿಂದ ಅರ್ಥ ಪಡೆದ ಗುರುತು. ತಲೆಬುರುಡೆ, ಬಣ್ಣದ ತ್ರಿಕೋನ, ಅಡ್ಡಗೆರೆ ಹಾಕಿದ ಕೆಂಪು ವೃತ್ತ ಇತ್ಯಾದಿ. ಒಪ್ಪಂದವನ್ನು ತಿಳಿಯದವರಿಗೆ ಸಂಕೇತವು ಬರಿಯ ಬಣ್ಣ ಅಥವಾ ಗೆರೆಯಾಗಿ ಕಾಣುತ್ತದೆ.

3. ಗ್ರಹಿಕೆಯ ಬಗ್ಗೆ ಸಂಶೋಧನೆಗಳು ತಿಳಿಸುವ ಅಂಶಗಳು

ಚಿತ್ರಗಳ ಮೂಲಕ ಓದು ಕಲಿಸುವ ಪ್ರಯತ್ನ ಹಳೆಯದು. ಮಕ್ಕಳಿಗಾಗಿ ರಚಿಸಿದ ಪ್ರಸಿದ್ಧ ಸಚಿತ್ರ ಪಠ್ಯಪುಸ್ತಕವನ್ನು ಕೊಮೇನಿಯಸ್ ಎಂಬ ಶಿಕ್ಷಣತಜ್ಞರು 1658ರಲ್ಲಿಯೇ ಪ್ರಕಟಿಸಿದ್ದರು. ಆದರೆ ಚಿತ್ರವು ಗ್ರಹಿಕೆಗೆ ಹೇಗೆ ನೆರವಾಗುತ್ತದೆ ಎಂಬುದರ ವ್ಯವಸ್ಥಿತ ಅಧ್ಯಯನ ಇಪ್ಪತ್ತನೆಯ ಶತಮಾನದ್ದು.

ಮನೋವಿಜ್ಞಾನಿ ಅಲನ್ ಪೈವಿಯೊ ಅವರು 1971ರ ತಮ್ಮ ಗ್ರಂಥದಲ್ಲಿ, ಮನಸ್ಸು ಮಾತನ್ನು ಒಂದು ಬಗೆಯಲ್ಲಿಯೂ ದೃಶ್ಯವನ್ನು ಇನ್ನೊಂದು ಬಗೆಯಲ್ಲಿಯೂ ಸಂಗ್ರಹಿಸುತ್ತದೆ ಎಂದು ಪ್ರತಿಪಾದಿಸಿದರು. ಒಂದೇ ವಿಷಯವು ಎರಡೂ ಬಗೆಯಲ್ಲಿ ಮನಸ್ಸನ್ನು ತಲುಪಿದರೆ ನೆನಪಿಗೆ ಎರಡು ದಾರಿಗಳು ದೊರೆಯುತ್ತವೆ. 1982ರಲ್ಲಿ ಲೆವಿ ಮತ್ತು ಲೆಂಟ್ಜ್ ಎಂಬ ಸಂಶೋಧಕರು ಅಂದಿನವರೆಗಿನ ಪ್ರಯೋಗಗಳನ್ನು ಪರಿಶೀಲಿಸಿ, ಚಿತ್ರವು ತಾನು ತೋರಿಸುವ ಅಂಶದ ಕಲಿಕೆಗೆ ನೆರವಾಗುತ್ತದೆ. ಆದರೆ ತಾನು ತೋರಿಸದ ಅಂಶಗಳ ಕಲಿಕೆಗೆ ಅದರಿಂದ ವಿಶೇಷ ಪ್ರಯೋಜನವಿಲ್ಲ ಎಂಬ ನಿರ್ಣಯಕ್ಕೆ ಬಂದರು.

1987ರಲ್ಲಿ ಲಾರ್ಕಿನ್ ಮತ್ತು ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ಅವರು ರೇಖಾಚಿತ್ರದ ಅನುಕೂಲವನ್ನು ವಿವರಿಸಿದರು. ಬರಹದಲ್ಲಿ ಮಾಹಿತಿ ಒಂದರ ಹಿಂದೆ ಒಂದರಂತೆ ಸಾಲಾಗಿ ಬರುತ್ತದೆ. ರೇಖಾಚಿತ್ರದಲ್ಲಿ ಒಟ್ಟಿಗೆ ಬೇಕಾದ ಮಾಹಿತಿ ಒಂದೇ ಸ್ಥಳದಲ್ಲಿ ಇರುತ್ತದೆ. ಆದ್ದರಿಂದ ಹುಡುಕುವ ಶ್ರಮ ಕಡಿಮೆಯಾಗುತ್ತದೆ. ಆದರೆ ರೇಖಾಚಿತ್ರವನ್ನು ಓದುವ ಕ್ರಮ ತಿಳಿದವರಿಗೆ ಮಾತ್ರ ಈ ಅನುಕೂಲ ದೊರೆಯುತ್ತದೆ ಎಂಬುದನ್ನೂ ಅವರು ಸ್ಪಷ್ಟಪಡಿಸಿದ್ದಾರೆ.

ರಿಚರ್ಡ್ ಮೇಯರ್ ಅವರ ಪ್ರಯೋಗಗಳು ಎರಡು ಮುಖ್ಯ ಅಂಶಗಳನ್ನು ತೋರಿಸಿವೆ. ಮೊದಲನೆಯದು, ಚಿತ್ರ ಮತ್ತು ಅದರ ವಿವರಣೆ ಹತ್ತಿರದಲ್ಲಿಯೇ ಇದ್ದಾಗ ಓದುಗರು ಹೆಚ್ಚು ಚೆನ್ನಾಗಿ ಅರಿಯುತ್ತಾರೆ. ಎರಡನೆಯದು, ವಿಷಯಕ್ಕೆ ಸಂಬಂಧವಿಲ್ಲದ ಆಕರ್ಷಕ ಚಿತ್ರವು ಗಮನವನ್ನು ಬೇರೆಡೆಗೆ ಸೆಳೆದು ಗ್ರಹಿಕೆಯನ್ನು ಕುಗ್ಗಿಸುತ್ತದೆ. ಆರೋಗ್ಯ ಮಾಹಿತಿಯಲ್ಲಿ ಚಿತ್ರಗಳ ಬಳಕೆಯ ಕುರಿತು 2006ರಲ್ಲಿ ಪ್ರಕಟವಾದ ಪರಿಶೀಲನೆಯೊಂದು, ಸರಳ ಚಿತ್ರವನ್ನು ಸರಳ ಬರಹದೊಂದಿಗೆ ಜೋಡಿಸಿದಾಗ ಪ್ರಯೋಜನ ಹೆಚ್ಚು; ಅದರಲ್ಲಿಯೂ ಓದುಬರಹ ಕಡಿಮೆ ಇರುವವರಿಗೆ ಅದು ವಿಶೇಷವಾಗಿ ಅನುಕೂಲ ಎಂದು ತಿಳಿಸಿದೆ.

4. ಚಿತ್ರವು ತೊಡಕಾಗುವ ಸಂದರ್ಭಗಳು

(1) ಚಿತ್ರವೇ ಉತ್ತರವಾದಾಗ: ಓದಲು ಕಲಿಯುತ್ತಿರುವ ಮಗುವು ಅಕ್ಷರದ ಬದಲು ಚಿತ್ರವನ್ನು ನೋಡಿ ಪದವನ್ನು ಊಹಿಸಬಹುದು. 1970ರಲ್ಲಿ ಸ್ಯಾಮ್ಯುಯೆಲ್ಸ್ ಎಂಬ ಸಂಶೋಧಕರು ಈ ತೊಡಕಿನತ್ತ ಗಮನ ಸೆಳೆದರು. "ಬಸವ" ಎಂಬ ಬರಹದ ಪಕ್ಕದಲ್ಲಿ ಎತ್ತಿನ ಚಿತ್ರವಿದ್ದರೆ ಮಗುವು "ಎತ್ತು" ಎಂದೇ ಓದಬಹುದು. ವಯಸ್ಕ ಅರ್ಜಿದಾರರೂ ಕರಪತ್ರದ ಚಿತ್ರ ನೋಡಿ ಷರತ್ತುಗಳನ್ನು ಓದದೆ ಬಿಡುವುದುಂಟು.

(2) ಚಿತ್ರದ ರೂಢಿ ತಿಳಿಯದಾಗ: ಕಾಗದದ ಮೇಲೆ ದೂರದ ವಸ್ತುವನ್ನು ಚಿಕ್ಕದಾಗಿ ಬರೆಯುವುದು ಒಂದು ರೂಢಿ. 1960ರಲ್ಲಿ ಪ್ರಕಟವಾದ ಹಡ್ಸನ್ ಅವರ ಆಫ್ರಿಕಾದ ಅಧ್ಯಯನದಲ್ಲಿ ಹತ್ತಿರದ ಜಿಂಕೆಗೆ ಈಟಿ ಎತ್ತಿದ ಬೇಟೆಗಾರ ಮತ್ತು ದೂರದ ಗುಡ್ಡದ ಮೇಲೆ ಚಿಕ್ಕದಾಗಿ ಬರೆದ ಆನೆಯ ಚಿತ್ರವನ್ನು ತೋರಿಸಲಾಗಿತ್ತು. ಶಾಲೆಗೆ ಹೋಗದವರಲ್ಲಿ ಹಲವರು ಈಟಿಯ ಗುರಿ ಆನೆ ಎಂದರು. ಆ ಚಿತ್ರಗಳು ತೀರಾ ಅಸ್ಪಷ್ಟವಾಗಿದ್ದವು ಎಂದು ಮುಂದಿನ ಸಂಶೋಧಕರು ಆಕ್ಷೇಪಿಸಿದರು. ಎರಡೂ ಅಭಿಪ್ರಾಯಗಳಿಂದ ತಿಳಿಯುವುದೇನೆಂದರೆ, ತಪ್ಪು ಗ್ರಹಿಕೆಗೆ ನೋಡುವವರ ದಡ್ಡತನ ಕಾರಣವಲ್ಲ. ರೂಢಿಯ ಪರಿಚಯವಿಲ್ಲದಿರುವುದು ಮತ್ತು ಚಿತ್ರದ ಕೊರತೆ ಕಾರಣ.

(3) ಒಂದೇ ಗುರುತಿಗೆ ಎರಡು ಅರ್ಥವಿದ್ದಾಗ: ಮಾತ್ರೆಯ ಪೊಟ್ಟಣದ ಮೇಲೆ ಅರ್ಧ ಸೂರ್ಯನ ಚಿತ್ರ ಬರೆದರೆ ಅದು ಬೆಳಿಗ್ಗೆಯೂ ಆಗಬಹುದು, ಸಂಜೆಯೂ ಆಗಬಹುದು. ಇಂತಹ ಗುರುತಿನ ಪಕ್ಕದಲ್ಲಿ "ಬೆಳಿಗ್ಗೆ" ಎಂಬ ಒಂದು ಪದವಿದ್ದರೆ ಸಂದೇಹ ನಿವಾರಣೆಯಾಗುತ್ತದೆ.

5. ಉದಾಹರಣೆ ಒಂದು: ಪಹಣಿ ಮತ್ತು ಜಮೀನಿನ ನಕ್ಷೆ

ಪಹಣಿಯು ಒಂದು ಕೋಷ್ಟಕ. ಸರ್ವೇ ನಂಬರ್, ಹಿಸ್ಸಾ, ವಿಸ್ತೀರ್ಣ, ಖರಾಬು, ಸ್ವಾಧೀನದಾರರ ಹೆಸರು, ಹಕ್ಕು ಮತ್ತು ಋಣಗಳು, ಬೆಳೆಯ ವಿವರ ಮುಂತಾದವು ಅದರಲ್ಲಿ ಕಾಲಂವಾರು ಇರುತ್ತವೆ. ಜಮೀನಿನ ಆಕಾರ, ಅದಕ್ಕೆ ಹೋಗುವ ದಾರಿ, ಬಾಂದು ಕಲ್ಲುಗಳ ಸ್ಥಾನ ಇವು ಪಹಣಿಯಿಂದ ತಿಳಿಯುವುದಿಲ್ಲ. ನಕ್ಷೆಯಿಂದ ಮಾತ್ರ ತಿಳಿಯುತ್ತವೆ. ಇದಕ್ಕೆ ಪ್ರತಿಯಾಗಿ, ಜಮೀನಿನ ಮೇಲೆ ಸಾಲದ ಭಾರ ಇರುವುದು ನಕ್ಷೆಯಿಂದ ತಿಳಿಯುವುದಿಲ್ಲ, ಪಹಣಿಯಿಂದ ತಿಳಿಯುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಓದತಕ್ಕದ್ದು.

ಈ ಕೆಳಗಿನ ಕಲ್ಪಿತ ಉದಾಹರಣೆಯನ್ನು ಗಮನಿಸಿ. ಇಬ್ಬರು ಸಹೋದರರಿಗೆ ಸೇರಿದ 4 ಎಕರೆಯ ಒಂದು ಹೊಲವಿದೆ. ಅದು ಪೂರ್ವ-ಪಶ್ಚಿಮವಾಗಿ 264 ಅಡಿ, ಉತ್ತರ-ದಕ್ಷಿಣವಾಗಿ 660 ಅಡಿ ಇದೆ. ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಹಳ್ಳವಿದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಭೂಮಿ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, ಅಂದರೆ 43,560 ಚದರ ಅಡಿ. ಈ ಹೊಲವನ್ನು ಎರಡು ರೀತಿಯಲ್ಲಿ ಸಮಭಾಗ ಮಾಡಬಹುದು.

ಮೊದಲನೆಯ ರೀತಿ: ಉತ್ತರದಿಂದ ದಕ್ಷಿಣಕ್ಕೆ ಗೆರೆ ಎಳೆಯುವುದು. ಪ್ರತಿಯೊಬ್ಬರಿಗೂ 132 ಅಡಿ ಅಗಲ, 660 ಅಡಿ ಉದ್ದದ ಭಾಗ ಬರುತ್ತದೆ. ಇಬ್ಬರಿಗೂ ದಾರಿ ಹತ್ತುತ್ತದೆ, ಇಬ್ಬರಿಗೂ ಹಳ್ಳ ಹತ್ತುತ್ತದೆ.

ಎರಡನೆಯ ರೀತಿ: ಪೂರ್ವದಿಂದ ಪಶ್ಚಿಮಕ್ಕೆ ಗೆರೆ ಎಳೆಯುವುದು. ಪ್ರತಿಯೊಬ್ಬರಿಗೂ 264 ಅಡಿ ಅಗಲ, 330 ಅಡಿ ಉದ್ದದ ಭಾಗ ಬರುತ್ತದೆ. ಉತ್ತರದ ಭಾಗದವರಿಗೆ ದಾರಿ ಪೂರ್ತಿಯಾಗಿ ದೊರೆಯುತ್ತದೆ. ದಕ್ಷಿಣದ ಭಾಗದವರಿಗೆ ದಾರಿ ಇಲ್ಲ. ಅವರ ಬಂಡಿ, ಟ್ರ್ಯಾಕ್ಟರ್, ತೊಗರಿಯ ರಾಶಿ ಎಲ್ಲವೂ ಸಹೋದರರ ಹೊಲವನ್ನು ದಾಟಿಯೇ ಬರಬೇಕಾಗುತ್ತದೆ.

ಎರಡೂ ಸಂದರ್ಭಗಳಲ್ಲಿ ಪಹಣಿಯ ವಿಸ್ತೀರ್ಣದ ಕಾಲಂನಲ್ಲಿ ಇಬ್ಬರಿಗೂ "2 ಎಕರೆ 0 ಗುಂಟೆ" ಎಂದೇ ಇರುತ್ತದೆ. ಅಂಕಿಗಳನ್ನು ಓದಬಲ್ಲವರು ಸಹ ಪಾಲು ಸಮನಾಗಿದೆ ಎಂದು ತೃಪ್ತರಾಗಿ ಸಹಿ ಮಾಡುವುದು ಸಹಜ. ವ್ಯತ್ಯಾಸವು ನಕ್ಷೆಯಲ್ಲಿನ ಒಂದು ಗೆರೆಯಲ್ಲಿದೆ. ಅಣ್ಣತಮ್ಮಂದಿರು ಅನ್ಯೋನ್ಯವಾಗಿರುವವರೆಗೆ ಈ ಗೆರೆ ಯಾರಿಗೂ ಕಾಣುವುದಿಲ್ಲ. ಅವರ ಮಕ್ಕಳ ಕಾಲಕ್ಕೆ ಅದು ಕಾಣತೊಡಗುತ್ತದೆ.

ಸರ್ವೇ ನಂಬರಿನ ಒಂದು ಭಾಗವನ್ನು ಮಾರಾಟ, ದಾನ ಅಥವಾ ವಿಭಾಗ ಮಾಡುವ ಸಂದರ್ಭದಲ್ಲಿ ಸಿದ್ಧಪಡಿಸುವ 11ಇ ನಕ್ಷೆಯ ಉದ್ದೇಶವೇ ಇಂತಹ ಸಂದೇಹಕ್ಕೆ ಅವಕಾಶವಿಲ್ಲದಂತೆ ಮಾಡುವುದಾಗಿದೆ. ಆದ್ದರಿಂದ ಈ ನಕ್ಷೆಯನ್ನು ಕೇವಲ ಅರ್ಜಿಯೊಂದಿಗಿನ ಲಗತ್ತು ಎಂದು ಭಾವಿಸಬಾರದು.

ಚಿತ್ರ ಮತ್ತು ಬರಹವನ್ನು ತಾಳೆ ನೋಡಲು ಚಕ್ಕುಬಂದಿ ಉತ್ತಮ ಸಾಧನ. ಮೇಲಿನ ಎರಡನೆಯ ರೀತಿಯಲ್ಲಿ ದಕ್ಷಿಣದ ಭಾಗದ ಚಕ್ಕುಬಂದಿಯಲ್ಲಿ "ಉತ್ತರಕ್ಕೆ: ಬಂಡಿದಾರಿ" ಎಂದು ಇರುವುದಿಲ್ಲ, ಸಹೋದರರ ಹೆಸರಿರುತ್ತದೆ. ನಾಲ್ಕು ದಿಕ್ಕುಗಳಲ್ಲಿ ಎಲ್ಲಿಯೂ ದಾರಿಯ ಉಲ್ಲೇಖವಿಲ್ಲದಿದ್ದರೆ ಆ ಭಾಗಕ್ಕೆ ದಾರಿ ಯಾವುದು ಎಂದು ಸಹಿಗೆ ಮುನ್ನ ಕೇಳತಕ್ಕದ್ದು.

6. ಉದಾಹರಣೆ ಎರಡು: ಕೀಟನಾಶಕ ಡಬ್ಬಿಯ ಬಣ್ಣದ ಗುರುತು

ತೊಗರಿಯು ಈ ಭಾಗದ ಮುಖ್ಯ ಬೆಳೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಕಾಯಿಕೊರಕದ ಹತೋಟಿಗಾಗಿ ರೈತರು ಕೀಟನಾಶಕಗಳನ್ನು ಬಳಸುತ್ತಾರೆ. ಆಡುಮಾತಿನಲ್ಲಿ ಇದನ್ನು "ಎಣ್ಣೆ" ಅಥವಾ "ಔಷಧಿ" ಎನ್ನುವುದು ರೂಢಿ. ಈ ಹೆಸರುಗಳಲ್ಲಿ ವಿಷವೆಂಬ ಸೂಚನೆ ಇಲ್ಲದಿರುವುದರಿಂದ ಡಬ್ಬಿಯ ಮೇಲಿನ ಗುರುತನ್ನು ಅರಿಯುವುದು ಇನ್ನಷ್ಟು ಮುಖ್ಯವಾಗಿದೆ.

ಕೀಟನಾಶಕಗಳ ನಿಯಮಗಳು, 1971ರ ಪ್ರಕಾರ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕವಿರುತ್ತದೆ. ಅದರ ಕೆಳಗಿನ ತ್ರಿಕೋನದಲ್ಲಿ ಬಣ್ಣ, ಮೇಲಿನ ತ್ರಿಕೋನದಲ್ಲಿ ಎಚ್ಚರಿಕೆಯ ಗುರುತು ಅಥವಾ ಪದವಿರುತ್ತದೆ.

ಕೆಂಪು: ಅತ್ಯಂತ ತೀವ್ರ ವಿಷ. ತಲೆಬುರುಡೆ ಮತ್ತು ಎರಡು ಎಲುಬಿನ ಚಿತ್ರ ಹಾಗೂ ವಿಷ ಎಂಬ ಪದವಿರುತ್ತದೆ.
ಹಳದಿ: ತೀವ್ರ ವಿಷ. ವಿಷ ಎಂಬ ಪದವಿರುತ್ತದೆ.
ನೀಲಿ: ಮಧ್ಯಮ ವಿಷ. ಅಪಾಯ ಎಂಬ ಪದವಿರುತ್ತದೆ.
ಹಸಿರು: ಅಲ್ಪ ವಿಷ. ಎಚ್ಚರಿಕೆ ಎಂಬ ಪದವಿರುತ್ತದೆ.

ಇಲ್ಲಿ ತಪ್ಪು ಗ್ರಹಿಕೆಗೆ ಎರಡು ಕಾರಣಗಳಿವೆ. ರಸ್ತೆಯ ದೀಪದಲ್ಲಿ ಹಸಿರು ಎಂದರೆ ಮುಂದೆ ಹೋಗಬಹುದು. ಆಹಾರದ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಎಂದರೆ ಸಸ್ಯಾಹಾರ. ಈ ಅಭ್ಯಾಸದಿಂದ ಹಸಿರು ತ್ರಿಕೋನವನ್ನು "ನಿರಪಾಯ" ಎಂದು ಓದುವ ಸಂಭವವಿದೆ. ಅದೇ ರೀತಿ ದೀಪದ ಹಳದಿ ನಡುವಿನದಾದ್ದರಿಂದ ಹಳದಿ ತ್ರಿಕೋನವನ್ನು ಮಧ್ಯಮ ವಿಷವೆಂದು ತಿಳಿಯಬಹುದು. ವಾಸ್ತವದಲ್ಲಿ ಹಳದಿಯು ಎರಡನೆಯ ತೀವ್ರ ವರ್ಗ. ಹಸಿರೂ ಸೇರಿದಂತೆ ನಾಲ್ಕೂ ಬಣ್ಣಗಳು ವಿಷದ ಪ್ರಮಾಣವನ್ನು ಸೂಚಿಸುತ್ತವೆ. ವಿಷವಿಲ್ಲವೆಂದು ಸೂಚಿಸುವ ಬಣ್ಣ ಈ ಗುರುತಿನಲ್ಲಿ ಇಲ್ಲ. ಬಣ್ಣ ಯಾವುದೇ ಇರಲಿ, ಡಬ್ಬಿಯೊಂದಿಗಿನ ಮಾಹಿತಿ ಪತ್ರವನ್ನು ಓದಿಸಿಕೊಂಡ ನಂತರವೇ ಬಳಸತಕ್ಕದ್ದು. ಖಾಲಿ ಡಬ್ಬಿಯನ್ನು ನೀರು ತುಂಬಲು ಬಳಸಬಾರದು.

7. ಉದಾಹರಣೆ ಮೂರು: ಚುನಾವಣಾ ಚಿಹ್ನೆ ಮತ್ತು ಎಚ್ಚರಿಕೆ ಚಿತ್ರಗಳು

1951-52ರ ಪ್ರಥಮ ಮಹಾಚುನಾವಣೆಯಲ್ಲಿ ಅಕ್ಷರ ಬಾರದ ಮತದಾರರೂ ಸ್ವತಂತ್ರವಾಗಿ ಮತ ಚಲಾಯಿಸುವಂತಾಗಲು ಪ್ರತಿ ಅಭ್ಯರ್ಥಿಗೆ ಪ್ರತ್ಯೇಕ ಮತಪೆಟ್ಟಿಗೆ ಇರಿಸಿ, ಅದರ ಮೇಲೆ ಚಿಹ್ನೆಯನ್ನು ಅಂಟಿಸಲಾಗಿತ್ತು. ದೈನಂದಿನ ಜೀವನದ ಪರಿಚಿತ ವಸ್ತುಗಳೇ ಚಿಹ್ನೆಗಳಾದುದರಿಂದ ಈ ವ್ಯವಸ್ಥೆ ಯಶಸ್ವಿಯಾಯಿತು. ಒಂದೇ ಹೆಸರಿನ ಅಭ್ಯರ್ಥಿಗಳಿಂದ ಉಂಟಾಗುವ ಗೊಂದಲವನ್ನು ತಪ್ಪಿಸಲು 2015ರಿಂದ ಮತಯಂತ್ರದ ಮತಪತ್ರದಲ್ಲಿ ಅಭ್ಯರ್ಥಿಯ ಭಾವಚಿತ್ರವನ್ನೂ ಮುದ್ರಿಸಲಾಗುತ್ತಿದೆ. ಹೆಸರು, ಭಾವಚಿತ್ರ, ಚಿಹ್ನೆ ಮೂರೂ ಒಂದೇ ಸಾಲಿನಲ್ಲಿರುವುದು, ಚಿತ್ರ ಮತ್ತು ಬರಹ ಹತ್ತಿರವಿರಬೇಕೆಂಬ ತತ್ವಕ್ಕೆ ಉತ್ತಮ ನಿದರ್ಶನ.

ತಂಬಾಕು ಉತ್ಪನ್ನಗಳ ಪೊಟ್ಟಣಗಳ ಮೇಲೆ 2009ರ ಮೇ 31ರಿಂದ ಚಿತ್ರಸಹಿತ ಎಚ್ಚರಿಕೆ ಜಾರಿಗೆ ಬಂದಿತು. 2016ರ ಏಪ್ರಿಲ್ 1ರಿಂದ ಪೊಟ್ಟಣದ ಮುಖ್ಯ ಭಾಗಗಳ ಶೇಕಡ 85ರಷ್ಟನ್ನು ಈ ಎಚ್ಚರಿಕೆ ಆವರಿಸಬೇಕೆಂದು ನಿಗದಿಪಡಿಸಲಾಯಿತು.

ವಾಡಿ, ಶಹಾಬಾದ್, ಸೇಡಂ ಭಾಗದ ಸಿಮೆಂಟ್ ಕಾರ್ಖಾನೆ ಹಾಗೂ ಕಲ್ಲು ಗಣಿಗಳಲ್ಲಿ ಕೆಲಸ ಮಾಡುವವರು ಸುರಕ್ಷತಾ ಫಲಕಗಳ ಈ ರೂಢಿಯನ್ನು ತಿಳಿದಿರಬೇಕು. ಅಡ್ಡಗೆರೆಯ ಕೆಂಪು ವೃತ್ತ ಎಂದರೆ ನಿಷೇಧ. ನೀಲಿ ವೃತ್ತ ಎಂದರೆ ಕಡ್ಡಾಯವಾಗಿ ಮಾಡಬೇಕಾದ ಕೆಲಸ. ಹಳದಿ ತ್ರಿಕೋನ ಎಂದರೆ ಅಪಾಯದ ಮುನ್ಸೂಚನೆ.

8. ಶಾಲೆಯಲ್ಲಿ ಚಿತ್ರಗಳ ಬಳಕೆ

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಕಲಿಕಾ ಕಾರ್ಡುಗಳ ಮೇಲೆ ಚಿತ್ರದ ಗುರುತುಗಳಿರುತ್ತವೆ. ಓದಲು ಇನ್ನೂ ಬಾರದ ಮಗುವು ಗುರುತನ್ನು ನೋಡಿ ತನ್ನ ಮುಂದಿನ ಚಟುವಟಿಕೆಯನ್ನು ತಾನೇ ಆರಿಸಿಕೊಳ್ಳುತ್ತದೆ. ಇಲ್ಲಿ ಚಿತ್ರವು ಅಕ್ಷರದ ಸ್ಥಾನವನ್ನು ಆಕ್ರಮಿಸದೆ ಅಕ್ಷರದ ಕಡೆಗೆ ದಾರಿ ತೋರಿಸುತ್ತದೆ. ಮನೆಯಲ್ಲಿ ಪೋಷಕರು ಮಕ್ಕಳಿಗೆ ಸಚಿತ್ರ ಪುಸ್ತಕ ಓದಿಸುವಾಗ, ಮೊದಲು ಚಿತ್ರದ ಬಗ್ಗೆ ಮಾತನಾಡಿಸಿ, ನಂತರ ಚಿತ್ರವನ್ನು ಕೈಯಿಂದ ಮುಚ್ಚಿ ಪದವನ್ನು ಓದಿಸುವುದು ಉಪಯುಕ್ತ.

9. ನಕ್ಷೆ ಅಥವಾ ಚಿತ್ರವಿರುವ ದಾಖಲೆಯನ್ನು ಓದುವ ಕ್ರಮ

(1) ಮೊದಲು ಶೀರ್ಷಿಕೆ, ಗ್ರಾಮದ ಹೆಸರು ಮತ್ತು ಸರ್ವೇ ನಂಬರ್ ಅನ್ನು ನೋಡುವುದು. ನಕ್ಷೆ ತಮ್ಮದೇ ಜಮೀನಿನದು ಎಂಬುದನ್ನು ಖಚಿತಪಡಿಸಿಕೊಳ್ಳುವುದು.
(2) ಉತ್ತರ ದಿಕ್ಕಿನ ಬಾಣವನ್ನು ಗುರುತಿಸಿ, ಕಾಗದವನ್ನು ತಿರುಗಿಸಿ ನಿಜವಾದ ಉತ್ತರಕ್ಕೆ ಹೊಂದಿಸುವುದು. ಸಾಧ್ಯವಾದಲ್ಲಿ ಹೊಲದಲ್ಲಿಯೇ ನಿಂತು ನೋಡುವುದು.
(3) ಪರಿಚಿತವಾದ ಒಂದು ಗುರುತನ್ನು, ಅಂದರೆ ಹಳ್ಳ, ಬಂಡಿದಾರಿ, ಬಾವಿ ಅಥವಾ ಬಾಂದು ಕಲ್ಲನ್ನು ನಕ್ಷೆಯಲ್ಲಿ ಹುಡುಕುವುದು. ಅಲ್ಲಿಂದ ಎಲ್ಲೆಯ ಉದ್ದಕ್ಕೂ ಬೆರಳಿಟ್ಟು ಸಾಗುವುದು.
(4) ಸಂಕೇತಗಳ ವಿವರಣೆಯನ್ನು ಓದುವುದು ಅಥವಾ ಓದಿಸಿಕೊಳ್ಳುವುದು. ಗೆರೆಯ ಅರ್ಥವನ್ನು ಊಹಿಸಬಾರದು.
(5) ನಕ್ಷೆಯ ವಿಸ್ತೀರ್ಣವನ್ನು ಪಹಣಿಯ ವಿಸ್ತೀರ್ಣದೊಂದಿಗೆ ಹಾಗೂ ನಕ್ಷೆಯ ಎಲ್ಲೆಗಳನ್ನು ಚಕ್ಕುಬಂದಿಯೊಂದಿಗೆ ತಾಳೆ ನೋಡುವುದು.
(6) ಅರ್ಥವಾದುದನ್ನು ಸ್ವಂತ ಮಾತಿನಲ್ಲಿ ಇನ್ನೊಬ್ಬರಿಗೆ ಹೇಳುವುದು. ಹೇಳಲು ತಡವರಿಸುವ ಅಂಶವೇ ಅರ್ಥವಾಗದ ಅಂಶವೆಂದು ತಿಳಿಯುವುದು.
(7) ಸಂದೇಹ ಉಳಿದಲ್ಲಿ ಸಹಿ ಅಥವಾ ಹೆಬ್ಬೆಟ್ಟು ಗುರುತು ಹಾಕುವ ಮೊದಲು ಭೂಮಾಪಕರಿಂದ ವಿವರಣೆ ಪಡೆಯುವುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನಗೆ ಓದಲು ಬರುವುದಿಲ್ಲ. ನಕ್ಷೆಯನ್ನು ಅರಿಯಲು ಸಾಧ್ಯವೇ?
ಉತ್ತರ: ಸಾಧ್ಯ. ತಮ್ಮ ಹೊಲದ ಪರಿಚಯ ತಮಗೆ ಚೆನ್ನಾಗಿ ಇರುತ್ತದೆ. ಓದಬಲ್ಲವರು ಅಕ್ಷರ ಮತ್ತು ಅಂಕಿಗಳನ್ನು ಓದಿ ಹೇಳಿದಲ್ಲಿ, ಗೆರೆಗಳು ಸರಿಯೇ ಎಂಬುದನ್ನು ತಾವೇ ಹೇಳಬಲ್ಲಿರಿ. ಮನೆಯ ಮಕ್ಕಳಿಂದ ಓದಿಸಿದರೂ ದಿಕ್ಕು ಮತ್ತು ಎಲ್ಲೆಗಳನ್ನು ತಾವೇ ಪರಿಶೀಲಿಸುವುದು ಸೂಕ್ತ.

ಪ್ರಶ್ನೆ: ಹಳೆಯ ನಕ್ಷೆಯ ಬರಹ ಉರ್ದುವಿನಲ್ಲಿದೆ. ಅದು ಉಪಯೋಗಕ್ಕೆ ಬರುತ್ತದೆಯೇ?
ಉತ್ತರ: ಗೆರೆಗಳಿಂದ ಜಮೀನಿನ ಆಕಾರ ಮತ್ತು ಅಕ್ಕಪಕ್ಕದ ಎಲ್ಲೆಗಳ ಕಲ್ಪನೆ ದೊರೆಯುತ್ತದೆ. ಆದರೆ ಹೆಸರು, ಅಳತೆ ಮತ್ತು ಷರಾಗಳನ್ನು ಉರ್ದು ಬಲ್ಲವರಿಂದ ಓದಿಸದೆ ತೀರ್ಮಾನಕ್ಕೆ ಬರಬಾರದು.

ಪ್ರಶ್ನೆ: ಖರಾಬು ಎಂದು ತೋರಿಸಿದ ಭಾಗವೆಲ್ಲ ನಿರುಪಯುಕ್ತ ಭೂಮಿಯೇ?
ಉತ್ತರ: ಅಲ್ಲ. "ಅ" ಖರಾಬು ಸಾಗುವಳಿಗೆ ಯೋಗ್ಯವಲ್ಲದ ಭಾಗ. "ಬ" ಖರಾಬು ದಾರಿ, ಹಳ್ಳ ಮುಂತಾಗಿ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ಭಾಗ. ನಕ್ಷೆಯಲ್ಲಿ ಇವು ಎಲ್ಲಿವೆ ಎಂಬುದನ್ನು ಜಮೀನು ಖರೀದಿಸುವವರು ಅವಶ್ಯವಾಗಿ ನೋಡಬೇಕು.

ಪ್ರಶ್ನೆ: ಮೊಬೈಲ್‌ನಲ್ಲಿ ಕಾಣುವ ನಕ್ಷೆಯನ್ನು ನಂಬಿ ಬದು ಹಾಕಬಹುದೇ?
ಉತ್ತರ: ಬೇಡ. ಅದು ಸ್ಥಳದ ಸರ್ವೇ ನಂಬರನ್ನು ತಿಳಿಯಲು ಅನುಕೂಲ. ಎಲ್ಲೆಯನ್ನು ಗುರುತಿಸಲು ಭೂಮಾಪಕರಿಂದ ಅಳತೆ ಮಾಡಿಸಬೇಕು.

11. ಸಮಾರೋಪ

ಚಿತ್ರವು ಬರಹಕ್ಕೆ ಪರ್ಯಾಯವಲ್ಲ, ಪೂರಕ. ಚಿತ್ರ ಹೇಳದಿರುವುದನ್ನು ಬರಹದಲ್ಲಿಯೂ, ಬರಹ ಹೇಳದಿರುವುದನ್ನು ಚಿತ್ರದಲ್ಲಿಯೂ ಹುಡುಕಿ, ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದೇ ಸರಿಯಾದ ಓದು. ದಾಖಲೆಯ ಅರ್ಥವನ್ನು ಕೇಳಿ ತಿಳಿಯುವುದು ಅರ್ಜಿದಾರರ ಹಕ್ಕಾಗಿದ್ದು, ಅದಕ್ಕಾಗಿ ಸಂಕೋಚ ಪಡುವ ಅಗತ್ಯವಿರುವುದಿಲ್ಲ. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಹಾಗೂ ಓದಲು ಬಾರದ ನೆರೆಹೊರೆಯವರಿಗೆ ಇದನ್ನು ಓದಿ ಹೇಳಬೇಕೆಂದು ಕೋರಲಾಗಿದೆ.